ಕೆಸರು ದಾರಿಯ ಪಿಕಪ್‌ಗೆ ತಾನಾಗಿ ಲಾಕ್ ಆಗುವ ಡಿಫರೆನ್ಷಿಯಲ್: ಆಯ್ಕೆ ಹೇಗೆ?



ತುಮಕೂರು ಜಿಲ್ಲೆಯಲ್ಲಿ ಮಳೆ ಜೋರಾಗಿ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಗುಬ್ಬಿ ತಾಲ್ಲೂಕಿನ ಅಡಿಕೆ, ತೆಂಗಿನ ತೋಟಗಳ ದಾರಿಯೂ ಕುಣಿಗಲ್ ಸೀಮೆಯ ಕೆರೆ ಅಚ್ಚುಕಟ್ಟಿನ ದಾರಿಯೂ ಕೆಡುವುದು ಅದೇ ದಿನಗಳಲ್ಲಿ. ಡಾಂಬರು ರಸ್ತೆಯಿಂದ ತೋಟಕ್ಕೆ ಅರ್ಧ ಕಿಲೋಮೀಟರ್ ಇರಬಹುದು. ತೊಂದರೆಯೆಲ್ಲ ಆ ಅರ್ಧ ಕಿಲೋಮೀಟರಿನಲ್ಲಿಯೇ. ತರಕಾರಿ ತುಂಬಿದ ಪಿಕಪ್ಪಿನ ಒಂದು ಹಿಂಚಕ್ರ ಕಾಲುವೆ ಬದಿಯ ಕೆಸರಿಗೆ ಇಳಿಯುತ್ತದೆ. ಚಾಲಕ ಆಕ್ಸಿಲರೇಟರ್ ಒತ್ತಿದಷ್ಟೂ ಅದೊಂದೇ ಚಕ್ರ ಗಿರಗಿರನೆ ತಿರುಗಿ ಗುಂಡಿ ತೋಡುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಸುಮ್ಮನೆ ನಿಂತಿರುತ್ತದೆ. ಪಕ್ಕದ ತೋಟದವರ ಟ್ರ್ಯಾಕ್ಟರ್ ಬಂದು ಎಳೆಯುವ ಹೊತ್ತಿಗೆ ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಯ ವ್ಯಾಪಾರದ ಹೊತ್ತು ಮೀರಿರುತ್ತದೆ.

ಹೀಗೆ ಎರಡು ಬಾರಿ ಆದವರು ಮುಂದಿನ ಗಾಡಿ ಕೊಳ್ಳುವಾಗ ‘ಆಟೋಮ್ಯಾಟಿಕ್ ಲಾಕ್’ ಇರುವುದನ್ನೇ ಕೊಡಿ ಎಂದು ಕೇಳುವುದು ಸಹಜ. ಆದರೆ ಈ ಹೆಸರಿನಲ್ಲಿ ಮಾರಾಟವಾಗುವ ಸಾಧನಗಳು ಒಂದೇ ಬಗೆಯವಲ್ಲ. ಹಣ ಕೊಡುವ ಮುನ್ನ ಅದು ಯಾವ ಕೆಲಸ ಮಾಡುತ್ತದೆ, ಯಾವುದನ್ನು ಮಾಡುವುದಿಲ್ಲ ಎಂಬುದನ್ನು ತಿಳಿದಿರಬೇಕು.

ಟ್ರ್ಯಾಕ್ಟರ್ ಓಡಿಸಿದವರಿಗೆ ಇದರ ಮೂಲ ತತ್ತ್ವ ಹೊಸದಲ್ಲ. ಕೆಸರುಗದ್ದೆಯಲ್ಲಿ ಒಂದು ಚಕ್ರ ಜಾರಿದಾಗ ಕಾಲಿನ ಬಳಿಯ ಡಿಫರೆನ್ಷಿಯಲ್ ಲಾಕ್ ಪೆಡಲ್ ತುಳಿಯುತ್ತಾರೆ; ಎರಡೂ ದೊಡ್ಡ ಚಕ್ರಗಳು ಒಟ್ಟಿಗೆ ತಿರುಗಿ ಗಾಡಿ ಈಚೆ ಬರುತ್ತದೆ. ತಿರುವಿನಲ್ಲಿ ಆ ಪೆಡಲ್ ತುಳಿಯಬಾರದೆಂಬುದೂ ಎಲ್ಲರಿಗೂ ಗೊತ್ತು. ಗಾಡಿ ತಿರುಗುವಾಗ ಹೊರಬದಿಯ ಚಕ್ರ ಹೆಚ್ಚು ದೂರ ಓಡಬೇಕು, ಒಳಬದಿಯದು ಕಡಿಮೆ. ಆ ವ್ಯತ್ಯಾಸಕ್ಕೆ ಎಡೆಮಾಡಿಕೊಡುವುದೇ ಡಿಫರೆನ್ಷಿಯಲ್. ಇದರ ದೋಷವೆಂದರೆ, ಎರಡೂ ಚಕ್ರಗಳಿಗೆ ಇದು ಸಮನಾದ ಬಲವನ್ನೇ ಹಂಚುತ್ತದೆ. ಜಾರುವ ಚಕ್ರ ಎಷ್ಟು ಬಲವನ್ನು ತಡೆಯಬಲ್ಲುದೋ ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಸಿಗುತ್ತದೆ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಸರಕು ಸೇರಿ 2500 ಕಿಲೋ ತೂಗುವ ಪಿಕಪ್ಪಿನ ಹಿಂಬದಿ ಆಕ್ಸಲ್ ಮೇಲೆ 1500 ಕಿಲೋ, ಅಂದರೆ ಚಕ್ರವೊಂದಕ್ಕೆ 750 ಕಿಲೋ ಭಾರವಿದೆ ಎಂದಿರಲಿ. ಗಟ್ಟಿ ಮಣ್ಣಿನಲ್ಲಿ ಚಕ್ರದ ಹಿಡಿತ ಭಾರದ ಅರ್ಧದಷ್ಟು, ಜಾರು ಕೆಸರಿನಲ್ಲಿ ಹತ್ತನೇ ಒಂದರಷ್ಟು ಎಂದು ಹಿಡಿದರೆ, ಗಟ್ಟಿ ಬದಿಯ ಚಕ್ರ 375 ಕಿಲೋ, ಕೆಸರಿನ ಬದಿಯದು 75 ಕಿಲೋ ಬಲದಿಂದ ತಳ್ಳಬಲ್ಲುದು. ಸಾಧಾರಣ ಡಿಫರೆನ್ಷಿಯಲ್ ಇದ್ದರೆ ಸಿಗುವುದು 75 ಮತ್ತು 75, ಒಟ್ಟು 150 ಕಿಲೋ. ಲಾಕ್ ಆದರೆ 450 ಕಿಲೋ. ಮೆತ್ತನೆಯ ದಾರಿಯಲ್ಲಿ ಇಪ್ಪತ್ತಕ್ಕೆ ಒಂದರ ಏರು ಹತ್ತಲು ಈ ಗಾಡಿಗೆ ಹತ್ತಿರ ಹತ್ತಿರ 375 ಕಿಲೋ ಬಲ ಬೇಕಾಗಬಹುದು. ಮೊದಲನೆಯ ಗಾಡಿ ಹೂತು ನಿಲ್ಲುತ್ತದೆ, ಎರಡನೆಯದು ಹತ್ತುತ್ತದೆ.

ಈಗ ಇದೇ ಲೆಕ್ಕವನ್ನು ತುಸು ಬದಲಿಸಿ ನೋಡಬೇಕು. ಎರಡೂ ಹಿಂಚಕ್ರಗಳು ಕೆಸರಿನಲ್ಲಿಯೇ ಇದ್ದರೆ? ಲಾಕ್ ಇಲ್ಲದಿದ್ದರೂ 150, ಇದ್ದರೂ 150. ಕೆರೆಗೋಡು ತುಂಬಲು ಬೇಸಿಗೆಯಲ್ಲಿ ಕೆರೆಯಂಗಳಕ್ಕೆ ಇಳಿದ ಗಾಡಿಯ ಮೇಲೆ ಅಕಾಲ ಮಳೆ ಬಂದರೆ ಆಗುವುದು ಇದೇ. ಅಲ್ಲಿ ಎಂತಹ ಲಾಕೂ ಉಪಯೋಗಕ್ಕೆ ಬಾರದು. ನಾಲ್ಕು ಚಕ್ರದ ಚಾಲನೆ ಸ್ವಲ್ಪ ನೆರವಾದೀತು, ಇಲ್ಲವೇ ಟ್ರ್ಯಾಕ್ಟರೇ ಗತಿ. ಲಾಕ್ ನೆರವಾಗುವುದು ಎರಡು ಚಕ್ರಗಳ ಹಿಡಿತದಲ್ಲಿ ವ್ಯತ್ಯಾಸವಿದ್ದಾಗ ಮಾತ್ರ: ಒಂದು ಬದಿ ಕಾಲುವೆ ಏರಿ, ಇನ್ನೊಂದು ಬದಿ ಬಸಿಗಾಲುವೆ, ಅಥವಾ ಹುಲಿಯೂರುದುರ್ಗ, ಹುತ್ರಿದುರ್ಗದ ಕಡೆಯ ಕಲ್ಲುದಾರಿಯಲ್ಲಿ ಒಂದು ಚಕ್ರ ನೆಲ ಬಿಟ್ಟು ಮೇಲೆದ್ದಾಗ. ಇಂತಹ ಕಡೆ ನಾಲ್ಕು ಚಕ್ರದ ಚಾಲನೆಯ ಗಾಡಿಯೂ ಲಾಕ್ ಇಲ್ಲದಿದ್ದರೆ ಮುಂದೊಂದು, ಹಿಂದೊಂದು ಚಕ್ರ ತಿರುಗಿಸುತ್ತ ನಿಂತುಬಿಡುವುದುಂಟು. ಆದ್ದರಿಂದ ಕೊಳ್ಳುವವರು ಮೊದಲು ತಮ್ಮ ದಾರಿಯನ್ನೊಮ್ಮೆ ಮಳೆಯ ಮಾರನೆಯ ದಿನ ನಡೆದು ನೋಡುವುದು ಒಳ್ಳೆಯದು. ಗಾಡಿ ಹೂಳುವುದು ಎಂದಿನ ಒಂದೇ ಜಾಗದಲ್ಲಾದರೆ ಅಲ್ಲಿಗೆ ನಾಲ್ಕು ಲೋಡ್ ಜಲ್ಲಿ ಹಾಕಿಸುವುದು ಅಗ್ಗ.

ತಾನಾಗಿ ಕೆಲಸ ಮಾಡುವ ಸಾಧನಗಳಲ್ಲಿ ಮುಖ್ಯವಾದವು ಮೂರು ಬಗೆ. ಮೊದಲನೆಯದು ಲಿಮಿಟೆಡ್ ಸ್ಲಿಪ್. ಇದರಲ್ಲಿ ಸಾಮಾನ್ಯವಾಗಿ ಕ್ಲಚ್ ಪ್ಲೇಟುಗಳ ಘರ್ಷಣೆಯಿಂದ ಸ್ವಲ್ಪ ಬಲ ಆಚೆ ಚಕ್ರಕ್ಕೆ ದಾಟುತ್ತದೆ. ನಯವಾಗಿ ಕೆಲಸ ಮಾಡುತ್ತದೆ, ಆದರೆ ಪೂರ್ತಿ ಬಿಗಿಯುವುದಿಲ್ಲ. ಚಕ್ರ ಗಾಳಿಯಲ್ಲಿ ತೇಲಿದರೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಪ್ಲೇಟುಗಳೂ ಕಾಲಕ್ರಮದಲ್ಲಿ ಸವೆಯುತ್ತವೆ.

ಎರಡನೆಯದು ಹಲ್ಲುಗಳ ಹಿಡಿತದ್ದು. ಡೆಟ್ರಾಯಿಟ್ ಲಾಕರ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದದ್ದು ಈ ಬಗೆ. ಎಂಜಿನ್ ಬಲ ಬೀಳುತ್ತಿರುವಾಗ ಇದು ಸದಾ ಬಿಗಿದೇ ಇರುತ್ತದೆ. ತಿರುವಿನಲ್ಲಿ ಹೊರಬದಿಯ ಚಕ್ರ ಮುಂದೋಡಿದಾಗ ಮಾತ್ರ ಆ ಬದಿಯ ಹಲ್ಲು ಟಕಟಕನೆ ಸಡಿಲಗೊಳ್ಳುತ್ತದೆ. ಬಲ ಬಹಳ. ಆದರೆ ಬರಿದಾದ ಪಿಕಪ್ ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ, ಉದಾಹರಣೆಗೆ ದೇವರಾಯನದುರ್ಗದ ತಿರುವುಗಳಲ್ಲಿ, ಆಕ್ಸಿಲರೇಟರ್ ಒತ್ತಿದೊಡನೆ ಎರಡೂ ಹಿಂಚಕ್ರ ಒಟ್ಟಿಗೆ ಜಾರಿ ಹಿಂಭಾಗ ಪಕ್ಕಕ್ಕೆ ಸರಿಯುವ ಅಪಾಯವಿದೆ. ವಾರಕ್ಕೆ ಮೂರು ದಿನ ತುಮಕೂರಿಗೆ, ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋಗಿಬರುವ ಗಾಡಿಗೆ ಇದು ತಕ್ಕದ್ದಲ್ಲ.

ಮೂರನೆಯದು ಗವರ್ನರ್ ಇರುವ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್. ಅಮೆರಿಕದ ಜನರಲ್ ಮೋಟಾರ್ಸ್ ಪಿಕಪ್‌ಗಳಲ್ಲಿ ಇದು 1973ರಿಂದ ಬಂದಿತು, ತಯಾರಿಸಿದ್ದು ಈಟನ್ ಕಂಪನಿ. ನಮ್ಮ ದೇಶದಲ್ಲಿ 2015ರ ಮಹೀಂದ್ರ ಥಾರ್‌ನ ಹಿಂಬದಿ ಆಕ್ಸಲ್‌ನಲ್ಲಿ ಇದನ್ನು ಅಳವಡಿಸಲಾಯಿತು. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಒಳಗಿರುವ ಪುಟ್ಟ ತೂಕಗಳು ಹೊರಕ್ಕೆ ಚಿಮ್ಮಿ ಕೊಕ್ಕೆಗೆ ಸಿಕ್ಕಿಕೊಳ್ಳುತ್ತವೆ. ಆಗ ಕ್ಯಾಮ್ ತಿರುಗಿ ಎರಡೂ ಬದಿ ಬಿಗಿಯುತ್ತವೆ. ತೋಟದ ಗೇಟಿನಲ್ಲಿ ನಿಧಾನವಾಗಿ ತಿರುಗುವಾಗ ಬರುವ ವ್ಯತ್ಯಾಸ 20 ಸುತ್ತಿನ ಆಸುಪಾಸು, ಹಾಗಾಗಿ ಅಲ್ಲಿ ಅದು ಸುಮ್ಮನಿರುತ್ತದೆ. ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗ ದಾಟಿದ ಮೇಲೆ ಬಿಗಿಯದಂತೆಯೂ ಏರ್ಪಾಡಿದೆ. ಗುಬ್ಬಿ, ಕುಣಿಗಲ್‌ನಂತಹ ಕಡೆ, ಹೆಚ್ಚು ಓಟ ಡಾಂಬರಿನ ಮೇಲೆ, ಕೊನೆಯ ಅರ್ಧ ಕಿಲೋಮೀಟರ್ ಮಾತ್ರ ಕೆಸರು ಎನ್ನುವವರಿಗೆ ಈ ಬಗೆಯೇ ಹೆಚ್ಚು ಸೂಕ್ತ.

ತಾನಾಗಿ ಅಲ್ಲದೆ ಗುಂಡಿ ಒತ್ತಿ ಹಾಕುವ ಲಾಕೂ ಇದೆ. 2022ರಲ್ಲಿ ಭಾರತಕ್ಕೆ ಬಂದ ಟೊಯೋಟ ಹೈಲಕ್ಸ್ ಪಿಕಪ್‌ನಲ್ಲಿರುವುದು ಇಂಥದು. ಕೆಲಸ ಚೊಕ್ಕ, ಬೆಲೆ ಮಾತ್ರ ಸಾಮಾನ್ಯ ರೈತನ ಕೈಗೆಟುಕುವಂಥದಲ್ಲ.

ಗವರ್ನರ್ ಬಗೆಯನ್ನು ಓಡಿಸುವುದಕ್ಕೂ ಒಂದು ಕ್ರಮವಿದೆ. ಚಕ್ರ ಜಾರತೊಡಗಿದಾಗ ಹೆದರಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಅದು ಬಿಗಿಯುವುದೇ ಇಲ್ಲ. ಕೋಪದಿಂದ ಪೂರ್ತಿ ತುಳಿದರೆ ಅತಿ ವೇಗದಲ್ಲಿ ತಿರುಗುವ ಚಕ್ರ ಒಮ್ಮೆಲೇ ಬಿಗಿದು ಆಕ್ಸಲ್ ಶಾಫ್ಟಿಗೆ ಹೊಡೆತ ಬೀಳುತ್ತದೆ. ಶಾಫ್ಟ್ ಮುರಿದರೆ ಟ್ರ್ಯಾಕ್ಟರ್ ಬಾಡಿಗೆಯ ಎಷ್ಟೋ ಪಟ್ಟು ಖರ್ಚು. ಮೊದಲ ಗೇರಿನಲ್ಲಿ ಹದವಾಗಿ ಒತ್ತುತ್ತ ‘ಟಕ್’ ಎಂದು ಬಿಗಿದದ್ದು ತಿಳಿದ ಮೇಲೆ ಮುಂದೆ ಸಾಗಬೇಕು. ಲಾಕ್ ಇಲ್ಲದ ಗಾಡಿಯವರು ಹ್ಯಾಂಡ್‌ಬ್ರೇಕನ್ನು ಎರಡು ಮೂರು ಹಲ್ಲು ಎಳೆದು ನಿಧಾನವಾಗಿ ಗಾಡಿ ಎತ್ತಿದರೆ ಜಾರುವ ಚಕ್ರಕ್ಕೆ ತಡೆಬಿದ್ದು ಆಚೆ ಚಕ್ರಕ್ಕೆ ತುಸು ಬಲ ಸಿಗುತ್ತದೆ. ಬಹಳ ಸಲ ಇಷ್ಟರಿಂದಲೇ ಗಾಡಿ ಹೊರಬರುವುದುಂಟು. ಸವೆದ ಟೈರು ಬದಲಿಸದೆ ಲಾಕ್ ಹಾಕಿಸುವುದಂತೂ ವ್ಯರ್ಥ.

ಒಂದು ಎಚ್ಚರಿಕೆಯನ್ನು ವಿಸ್ತರಣಾ ಕಾರ್ಯಕರ್ತರು ಪ್ರತಿ ಸಭೆಯಲ್ಲೂ ಹೇಳಬೇಕು. ಲಾಕ್ ಇರುವ ಗಾಡಿಯ ಒಂದೇ ಹಿಂಚಕ್ರವನ್ನು ಜ್ಯಾಕ್ ಮೇಲೆತ್ತಿ, ಗೇರಿನಲ್ಲಿಟ್ಟು ಎಂಜಿನ್ ಓಡಿಸಬಾರದು. ಮೇಲೆತ್ತಿದ ಚಕ್ರ ತಿರುಗುತ್ತಿದ್ದಂತೆ ಲಾಕ್ ಬಿಗಿದು, ನೆಲದ ಮೇಲಿರುವ ಚಕ್ರ ಗಾಡಿಯನ್ನು ಜ್ಯಾಕ್‌ನಿಂದ ಆಚೆಗೆ ದಬ್ಬುತ್ತದೆ. ಕೆಳಗೆ ಮಲಗಿದವರ ಪ್ರಾಣಕ್ಕೇ ಅಪಾಯ.

ಸಾಧ್ಯವಾದಷ್ಟು ಮಟ್ಟಿಗೆ ಕಾರ್ಖಾನೆಯಲ್ಲಿಯೇ ಅಳವಡಿಸಿದ ಲಾಕನ್ನು ಕೊಳ್ಳುವುದು ಕ್ಷೇಮ. ಹೊರಗೆ ಹಾಕಿಸಿದರೆ ಕ್ರೌನ್ ಪಿನಿಯನ್ ಹೊಂದಾಣಿಕೆ ಸರಿಬಾರದೆ ಆಕ್ಸಲ್ ಕೂಗತೊಡಗಬಹುದು, ವಾರಂಟಿಗೂ ತಕರಾರು ಬರಬಹುದು. ತಯಾರಕರ ಮೂಲ ವಿವರಣೆಗೆ ಭಿನ್ನವಾಗಿ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಆದ್ದರಿಂದ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಮೊದಲೇ ವಿಚಾರಿಸಬೇಕು. ಎಡಬಲದ ಟೈರುಗಳು ಒಂದೇ ಅಳತೆಯವಾಗಿರಬೇಕು. ಎಣ್ಣೆ ಪುಸ್ತಕದಲ್ಲಿ ಹೇಳಿದ ದರ್ಜೆಯದೇ ಆಗಿರಬೇಕು. ಹಳ್ಳ ದಾಟಿದ ಮೇಲೆ ಆ ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ ಎಂದು ತಿಳಿದು ಕೂಡಲೇ ಬದಲಿಸಬೇಕು.

ಹಳೆಯ ಗಾಡಿ ಕೊಳ್ಳುವಾಗ ದಲ್ಲಾಳಿಗಳು ತೋರಿಸುವ ಪರೀಕ್ಷೆಯೊಂದಿದೆ. ಮುಂಚಕ್ರಗಳಿಗೆ ಕಲ್ಲು ಕೊಟ್ಟು, ಎರಡೂ ಹಿಂಚಕ್ರ ಎತ್ತಿ ಸ್ಟ್ಯಾಂಡ್ ಮೇಲಿರಿಸಿ, ಎಂಜಿನ್ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಒಂದು ಚಕ್ರವನ್ನು ಕೈಯಿಂದ ತಿರುಗಿಸುವುದು. ಎರಡೂ ಚಕ್ರ ಒಂದೇ ದಿಕ್ಕಿಗೆ ತಿರುಗಿದರೆ ಹಲ್ಲಿನ ಲಾಕರ್ ಅಥವಾ ಬಿಗಿಯಾದ ಲಿಮಿಟೆಡ್ ಸ್ಲಿಪ್ ಇದೆ ಎಂದರ್ಥ. ಆಚೆ ಚಕ್ರ ವಿರುದ್ಧ ದಿಕ್ಕಿಗೆ ತಿರುಗಿದರೆ ಅದು ಸಾಧಾರಣ ಡಿಫರೆನ್ಷಿಯಲ್ ಇರಬಹುದು, ಗವರ್ನರ್ ಬಗೆಯೂ ಇರಬಹುದು. ಕೈಯ ನಿಧಾನ ತಿರುಗುವಿಕೆಗೆ ಗವರ್ನರ್ ಬಿಗಿಯುವುದಿಲ್ಲ. ಹಾಗಾಗಿ ‘ಲಾಕ್ ಇದೆ’ ಎಂಬ ಬಾಯಿಮಾತಿಗೆ ಹೆಚ್ಚಿನ ಹಣ ಕೊಡದೆ, ಚಾಸಿ ಸಂಖ್ಯೆಯನ್ನು ಬರೆದುಕೊಂಡು ಹೋಗಿ, ಆ ಗಾಡಿಗೆ ಯಾವ ಆಕ್ಸಲ್ ಹಾಕಲಾಗಿತ್ತು ಎಂಬುದನ್ನು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.