ಬಂದು, ನೋಡಿ, ಹೋದೆ: ಇಂಗ್ಲಿಷ್ ವಾಕ್ಯದಲ್ಲಿ ಕ್ಲಾಝ್‌ಗಳ ಲೆಕ್ಕ

ಪುಣೆಯ ಹಿಂಜೆವಾಡಿ ಇರಲಿ, ಹೈದರಾಬಾದಿನ ಗಚ್ಚಿಬೌಲಿ ಇರಲಿ, ಚೆನ್ನೈನ ಓಎಂಆರ್ ಇರಲಿ, ಎಲ್ಲಿಂದ ಕೇಳ್ತಾ ಇದ್ದರೂ ಸ್ವಾಗತ. ಇವತ್ತಿನ ವಿಷಯ ಇಂಗ್ಲಿಷಿನ ಕ್ಲಾಝ್‌ಗಳು ಮತ್ತು ವಾಕ್ಯದ ಬಗೆಗಳು. ಜಾವಾ ಕ್ಲಾಸ್ ಅಲ್ಲ, ವ್ಯಾಕರಣದ ಕ್ಲಾಝ್. ನಾವು ಶಾಲೆಯಲ್ಲಿ ಉಪವಾಕ್ಯ ಅಂತ ಓದಿದ್ದು.

ಇದನ್ನ ಈಗ ಯಾಕೆ ಓದಬೇಕು ಅಂದ್ರೆ, ಬೆಂಗಳೂರಿನ ಆಫೀಸಿನಲ್ಲಿ ಕಾಲ್ ಮುಗಿದ ಮೇಲೆ ಪಕ್ಕದವರ ಹತ್ತಿರ ಕನ್ನಡದಲ್ಲಿ ವಿವರಿಸಿಬಿಡಬಹುದು. ಹೊರರಾಜ್ಯದಲ್ಲಿ ಆ ಅನುಕೂಲ ಇಲ್ಲ. ಟೀಮಿನಲ್ಲಿ ಒಬ್ಬರು ಮರಾಠಿ, ಒಬ್ಬರು ತೆಲುಗು, ಒಬ್ಬರು ಬಂಗಾಳಿ. ರಾತ್ರಿಯೆಲ್ಲ ಕೂತು ನೀವು ಮಾಡಿದ ಕೆಲಸ ಮ್ಯಾನೇಜರ್‌ಗೆ ಗೊತ್ತಾಗೋದು ನೀವು ಬರೆದ ನಾಲ್ಕು ಸಾಲಿನ ಮೇಲ್‌ನಿಂದಲೇ. ಆ ನಾಲ್ಕು ಸಾಲು ಕಲಸಿಹೋದರೆ, ಕೆಲಸವೇ ಕಲಸಿಹೋಗಿದೆ ಅಂತ ಓದುವವರು ತಿಳ್ಕೋತಾರೆ. ಅನ್ಯಾಯ ನಿಜ, ಆದರೆ ನಡೆಯೋದು ಹಾಗೇ.

ಈ ಸಾಲುಗಳು ಕಲಸಿಹೋಗೋದು ಪದ ಗೊತ್ತಿಲ್ಲದೆ ಅಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಬೇಕಾದಷ್ಟು ಇಂಗ್ಲಿಷ್ ಪದ ಗೊತ್ತು. ತೊಂದರೆ ಇರೋದು ಕಟ್ಟುವ ರೀತಿಯಲ್ಲಿ. ನಾವು ಕನ್ನಡದ ಅಡಿಪಾಯದ ಮೇಲೆ ಇಂಗ್ಲಿಷ್ ಇಟ್ಟಿಗೆ ಇಡ್ತೀವಿ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ನೋಡಬಾರದು, ಕನ್ನಡಕ್ಕೆ ಅದರದ್ದೇ ವ್ಯಾಕರಣ ಬೇಕು ಅಂತ ವಾದಿಸಿದರು. ಅದೇ ಮಾತು ಇಂಗ್ಲಿಷಿಗೂ ಸಲ್ಲುತ್ತೆ. ಅದನ್ನ ಕನ್ನಡದ ಅಚ್ಚಿಗೆ ಹಾಕಬಾರದು.

ಮೊದಲು ನಮ್ಮ ವಾಕ್ಯ ಹೇಗೆ ಕೆಲಸ ಮಾಡುತ್ತೆ ನೋಡೋಣ.

"ಸರ್ವರ್ ಡೌನ್ ಆಗಿ, ಕ್ಲೈಂಟ್ ಫೋನ್ ಮಾಡಿದ್ದರಿಂದ, ನಾನು ಲಾಗಿನ್ ಆಗಿ, ಲಾಗ್ ನೋಡಿ, ಹಳೇ ಬಿಲ್ಡ್ ವಾಪಸ್ ಹಾಕಿದೆ."

ಇಲ್ಲಿ ಐದು ಕೆಲಸ ನಡೆದಿವೆ. ಆದರೆ ಮುಗಿದ ಕ್ರಿಯಾಪದ ಎಷ್ಟು? ಒಂದೇ. ಕೊನೆಯ "ಹಾಕಿದೆ". ಉಳಿದ "ಆಗಿ, ಮಾಡಿದ್ದರಿಂದ, ನೋಡಿ" ಇವೆಲ್ಲ ಅಪೂರ್ಣ ರೂಪಗಳು. ಅವು "ಇನ್ನೂ ಇದೆ, ಮುಂದೆ ಕೇಳಿ" ಅಂತ ಹೇಳ್ತಾ ಹೋಗುತ್ತವೆ. ಕೊಂಡಿ ಕ್ರಿಯಾಪದದ ಬಾಲದಲ್ಲೇ ಇದೆ. ಹಾಗಾಗಿ ಕನ್ನಡದಲ್ಲಿ ಬೇರೆ ಕೊಂಡಿಪದ ಹುಡುಕುವ ಅಭ್ಯಾಸ ನಮಗೆ ಕಡಿಮೆ.

ಇಂಗ್ಲಿಷಿನಲ್ಲಿ ಹೀಗಲ್ಲ. ಅಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಕೆಲಸಕ್ಕೂ ಒಬ್ಬ ಕರ್ತೃ, ಒಂದು ಕಾಲ ತೋರಿಸುವ ಕ್ರಿಯಾಪದ. ಈ ಜೋಡಿಗೇ ಕ್ಲಾಝ್ ಅಂತ ಹೆಸರು. ಕ್ಲಾಝ್‌ಗಳ ನಡುವೆ ಕೊಂಡಿ ಬೇರೆಯಾಗಿ, ಕಣ್ಣಿಗೆ ಕಾಣುವ ಹಾಗೆ ಇರಬೇಕು. ಇವತ್ತು ಇದೊಂದನ್ನ ನೆನಪಿಟ್ಟುಕೊಂಡರೆ ಸಾಕು: ಕಾಲ ತೋರಿಸುವ ಕ್ರಿಯಾಪದಗಳನ್ನ ಎಣಿಸಿ. ಐದು ಇದ್ದರೆ ನಾಲ್ಕು ಕೊಂಡಿ ಬೇಕು.

ಮೇಲಿನ ವಾಕ್ಯವನ್ನೇ ಇಂಗ್ಲಿಷಿನಲ್ಲಿ ಹೇಳಿ ನೋಡೋಣ. ಜೋರಾಗಿ ಓದಿಕೊಳ್ಳಿ.

"ದಿ ಸರ್ವರ್ ವೆಂಟ್ ಡೌನ್ ಅಂಡ್ ದಿ ಕ್ಲೈಂಟ್ ಕಾಲ್ಡ್, ಸೋ ಐ ಲಾಗ್ಡ್ ಇನ್, ಚೆಕ್ಡ್ ದಿ ಲಾಗ್ಸ್ ಅಂಡ್ ರಿಸ್ಟೋರ್ಡ್ ದಿ ಓಲ್ಡ್ ಬಿಲ್ಡ್."

ವೆಂಟ್, ಕಾಲ್ಡ್, ಲಾಗ್ಡ್, ಚೆಕ್ಡ್, ರಿಸ್ಟೋರ್ಡ್. ಐದು. ಕೊಂಡಿಗಳು: ಅಂಡ್, ಸೋ, ಒಂದು ಕಾಮಾ, ಮತ್ತೊಂದು ಅಂಡ್. ನಾಲ್ಕು. ಲೆಕ್ಕ ಸರಿಹೋಯ್ತು. ಕಾಮಾ ಒಂದೇ ಕೊಂಡಿಯಾಗೋದು ಹೀಗೆ ಒಬ್ಬನೇ ಮಾಡಿದ ಕೆಲಸಗಳ ಪಟ್ಟಿಯ ನಡುವೆ ಮಾತ್ರ. ಎರಡು ಪೂರ್ತಿ ಕ್ಲಾಝ್‌ಗಳನ್ನ ಬರೀ ಕಾಮಾ ಹಾಕಿ ಅಂಟಿಸಿದರೆ ತಪ್ಪು. ಇನ್ನೊಂದು ವಿನಾಯಿತಿ: "ದಿ ಫೈಲ್ ಯು ಸೆಂಟ್" ಅಂತ ಹೇಳುವಾಗ ನಡುವಿನ "ದಟ್" ಬಿಟ್ಟಿರ್ತೀವಿ. ಅದು ಅಡಗಿರುತ್ತೆ, ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಯಾವ ಕ್ರಿಯಾಪದ ಕಾಲ ತೋರಿಸುತ್ತೆ ಅಂತ ಗೊತ್ತಾಗೋದು ಹೇಗೆ? ಸುಲಭ ಪರೀಕ್ಷೆ ಇದೆ. ವಾಕ್ಯವನ್ನ ಇವತ್ತಿನಿಂದ ನಿನ್ನೆಗೆ ಬದಲಾಯಿಸಿ. "ಹೀ ವಾಂಟ್ಸ್ ಟು ರಿಸೈನ್". ನಿನ್ನೆಯದಾದರೆ "ಹೀ ವಾಂಟೆಡ್ ಟು ರಿಸೈನ್". "ವಾಂಟ್ಸ್" ಬದಲಾಯ್ತು, "ರಿಸೈನ್" ಬದಲಾಗಲಿಲ್ಲ. ಎಣಿಕೆಗೆ ಬರೋದು "ವಾಂಟ್ಸ್" ಒಂದೇ.

ಈಗ ವಾಕ್ಯದ ಬಗೆಗಳು. ಕನ್ನಡ ಪಠ್ಯದಲ್ಲಿ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಅಂತ ಓದಿದ್ದು ನೆನಪಿರಬಹುದು. ಇಂಗ್ಲಿಷಿನಲ್ಲಿ ನಾಲ್ಕು. ಒಂದೇ ಘಟನೆಯನ್ನ ನಾಲ್ಕರಲ್ಲೂ ಹೇಳ್ತೀನಿ.

ಮೊದಲನೆಯದು ಸಿಂಪಲ್. "ದಿ ಬಿಲ್ಡ್ ಫೇಲ್ಡ್." ಒಂದೇ ಕ್ಲಾಝ್.

ಎರಡನೆಯದು ಕಾಂಪೌಂಡ್. "ದಿ ಬಿಲ್ಡ್ ಫೇಲ್ಡ್, ಅಂಡ್ ವಿ ರೋಲ್ಡ್ ಬ್ಯಾಕ್." ಎರಡೂ ಕ್ಲಾಝ್ ಸರಿಸಮಾನ, ಒಂಟಿಯಾಗಿ ನಿಲ್ಲಬಲ್ಲವು. ಹೀಗೆ ಸಮಾನರನ್ನ ಜೋಡಿಸುವ ಪದಗಳು ಮುಖ್ಯವಾಗಿ ಏಳು: ಫಾರ್, ಅಂಡ್, ನಾರ್, ಬಟ್, ಆರ್, ಯೆಟ್, ಸೋ. "ಹೌಎವರ್" ಈ ಏಳರಲ್ಲಿ ಇಲ್ಲ, ಗಮನಿಸಿ. "ದಿ ಬಿಲ್ಡ್ ಫೇಲ್ಡ್, ಹೌಎವರ್ ದಿ ಸೈಟ್ ವಾಸ್ ಅಪ್" ಅಂತ ಬರೆಯೋದು ನಮ್ಮ ಮೇಲ್‌ಗಳಲ್ಲಿ ತುಂಬಾ ಸಾಮಾನ್ಯ. "ಹೌಎವರ್" ಮುಂಚೆ ಪೂರ್ಣವಿರಾಮ ಹಾಕಿ, ಅಲ್ಲಿಂದ ಹೊಸ ವಾಕ್ಯ ಶುರು ಮಾಡಿ.

ಮೂರನೆಯದು ಕಾಂಪ್ಲೆಕ್ಸ್. "ಬಿಕಾಸ್ ದಿ ಬಿಲ್ಡ್ ಫೇಲ್ಡ್, ವಿ ರೋಲ್ಡ್ ಬ್ಯಾಕ್." ಇಲ್ಲಿ ಒಂದು ಯಜಮಾನ ಕ್ಲಾಝ್, ಇನ್ನೊಂದು ಅದರ ಆಶ್ರಯದಲ್ಲಿರೋದು. ಬಿಕಾಸ್, ಇಫ್, ವೆನ್, ಆಲ್ದೋ, ಅನ್‌ಲೆಸ್ ಇವೆಲ್ಲ ಕ್ಲಾಝನ್ನ ಆಶ್ರಿತ ಮಾಡುವ ಪದಗಳು.

ನಾಲ್ಕನೆಯದು ಎರಡೂ ಸೇರಿದ ಕಾಂಪೌಂಡ್-ಕಾಂಪ್ಲೆಕ್ಸ್. "ಬಿಕಾಸ್ ದಿ ಬಿಲ್ಡ್ ಫೇಲ್ಡ್, ವಿ ರೋಲ್ಡ್ ಬ್ಯಾಕ್, ಅಂಡ್ ದಿ ಸೈಟ್ ಕೇಮ್ ಅಪ್."

ಯಾವುದನ್ನ ಯಜಮಾನ ಮಾಡ್ತೀರಿ ಅನ್ನೋದರ ಮೇಲೆ ಅಪ್ರೈಸಲ್‌ನಲ್ಲಿ ನಿಮ್ಮ ಬಗ್ಗೆ ಬರುವ ಅಭಿಪ್ರಾಯವೇ ಬದಲಾಗಬಹುದು. "ಆಲ್ದೋ ದಿ ಫಿಕ್ಸ್ ವಾಸ್ ಲೇಟ್, ಇಟ್ ವರ್ಕ್ಸ್." "ಆಲ್ದೋ ದಿ ಫಿಕ್ಸ್ ವರ್ಕ್ಸ್, ಇಟ್ ವಾಸ್ ಲೇಟ್." ವಿಷಯ ಎರಡರಲ್ಲೂ ಒಂದೇ. ಮೊದಲನೆಯದನ್ನ ಓದಿದವರ ತಲೆಯಲ್ಲಿ ಉಳಿಯೋದು ಕೆಲಸ ಆಯ್ತು ಅನ್ನೋದು. ಎರಡನೆಯದರಲ್ಲಿ ಉಳಿಯೋದು ತಡ ಆಯ್ತು ಅನ್ನೋದು. ಎರಡೂ ಸತ್ಯವೇ. ಯಾವುದು ಮುಖ್ಯ ಅಂತ ತೀರ್ಮಾನ ಮಾಡೋದು ಬರೆಯುವ ನೀವು. ಗೊತ್ತಿಲ್ಲದೆ ತಿರುಗಾಮುರುಗಾ ಬರೆದರೆ ನಿಮ್ಮ ಮೇಲೆ ನೀವೇ ದೂರು ಬರೆದುಕೊಂಡ ಹಾಗೆ.

ಇನ್ನು ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ನಾವು ಎಡವುವ ಐದು ಜಾಗ.

ಒಂದು, "ಯಾಕಂದ್ರೆ". ಕನ್ನಡದಲ್ಲಿ "ಮೀಟಿಂಗ್ ಮುಂದಕ್ಕೆ ಹಾಕಿದ್ವಿ. ಯಾಕಂದ್ರೆ ಕ್ಲೈಂಟ್ ಬರಲಿಲ್ಲ." ಎರಡು ವಾಕ್ಯ, ಎರಡೂ ಸರಿ. ಇಂಗ್ಲಿಷಿನ ಬರಹದಲ್ಲಿ "ಬಿಕಾಸ್ ದಿ ಕ್ಲೈಂಟ್ ಡಿಡ್ ನಾಟ್ ಕಮ್" ಅಂತ ಬರೆದು ಪೂರ್ಣವಿರಾಮ ಹಾಕಿದರೆ ಅದು ಅರ್ಧ ವಾಕ್ಯ. ಆಶ್ರಿತ ಕ್ಲಾಝ್ ಯಜಮಾನನನ್ನ ಬಿಟ್ಟು ಇರೋದಿಲ್ಲ. ಹಿಂದಿನ ವಾಕ್ಯಕ್ಕೇ ಸೇರಿಸಿ.

ಎರಡು, "ಆದರೂ". "ಮಳೆ ಬಂದರೂ ಆಫೀಸಿಗೆ ಹೋದೆ" ಅನ್ನೋದರಲ್ಲಿ ಕೊಂಡಿ ಒಂದೇ, ಆ "ಊ". ಇಂಗ್ಲಿಷಿಗೆ ಬಂದಾಗ ಮಾತ್ರ "ಆಲ್ದೋ ಇಟ್ ರೇನ್ಡ್, ಬಟ್ ಐ ವೆಂಟ್" ಅಂತ ಎರಡು ಕೊಂಡಿ ಹಾಕ್ತೀವಿ. ಕ್ರಿಯಾಪದ ಎರಡಾದರೆ ಕೊಂಡಿ ಒಂದೇ ಸಾಕು. "ಆಲ್ದೋ" ಇಟ್ಟರೆ "ಬಟ್" ತೆಗೀರಿ. "ಬಿಕಾಸ್" ಇಟ್ಟರೆ "ಸೋ" ತೆಗೀರಿ.

ಮೂರು, "ಅಂತ". ಕನ್ನಡದಲ್ಲಿ "ಸ್ಟೇಟಸ್ ಏನು?" ಅನ್ನುವ ಪ್ರಶ್ನೆಯನ್ನ ಹಾಗೇ ಇಟ್ಟು, "ಅಂತ ಹೇಳಿ" ಸೇರಿಸಿದರೆ ಆಯ್ತು. ಇಂಗ್ಲಿಷಿನಲ್ಲಿ ನೇರ ಪ್ರಶ್ನೆ "ವಾಟ್ ಈಸ್ ದಿ ಸ್ಟೇಟಸ್?" ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಹೋದ ತಕ್ಷಣ ಪದಗಳ ಸಾಲು ಬದಲಾಗುತ್ತೆ: "ಕ್ಯಾನ್ ಯು ಟೆಲ್ ಮಿ ವಾಟ್ ದಿ ಸ್ಟೇಟಸ್ ಈಸ್?" ಒಂದು ವಾಕ್ಯಕ್ಕೆ ಒಂದೇ ಸಲ ತಿರುವು. ಆ ತಿರುವು "ಕ್ಯಾನ್ ಯು" ಅಂದಾಗಲೇ ಮುಗಿದಿದೆ.

ನಾಲ್ಕು, "ಮುಗಿಸಿ". "ಟೆಸ್ಟಿಂಗ್ ಮುಗಿಸಿ ಬಿಲ್ಡ್ ರಿಲೀಸ್ ಆಯ್ತು" ಅಂತ ಮಾತಿನಲ್ಲಿ ಹೇಳ್ತೀವಿ, ಯಾರೂ ತಡೆಯೋದಿಲ್ಲ. "ಹ್ಯಾವಿಂಗ್ ಫಿನಿಶ್ಡ್ ದಿ ಟೆಸ್ಟಿಂಗ್, ದಿ ಬಿಲ್ಡ್ ವಾಸ್ ರಿಲೀಸ್ಡ್" ಅಂತ ಬರೆದರೆ, ಟೆಸ್ಟಿಂಗ್ ಮುಗಿಸಿದ್ದು ಬಿಲ್ಡ್ ಅಂತ ಅರ್ಥ ಬರುತ್ತೆ. ಕಷ್ಟಪಟ್ಟು ಟೆಸ್ಟ್ ಮಾಡಿದ ನೀವು ವಾಕ್ಯದಲ್ಲಿ ಎಲ್ಲೂ ಇಲ್ಲ. "ಆಫ್ಟರ್ ವಿ ಫಿನಿಶ್ಡ್ ದಿ ಟೆಸ್ಟಿಂಗ್, ವಿ ರಿಲೀಸ್ಡ್ ದಿ ಬಿಲ್ಡ್" ಅನ್ನಿ. ನಿಮ್ಮ ಕೆಲಸ ನಿಮ್ಮ ಹೆಸರಲ್ಲೇ ಇರಲಿ.

ಐದು, "ಮಾಡುವ, ನಡೆಸುವ". ಇದು ಎಲ್ಲಕ್ಕಿಂತ ಅಪಾಯದ್ದು. "ಪೇಮೆಂಟ್ ನಡೆಸುವ ಸರ್ವರ್‌ಗಳನ್ನ ರಿಸ್ಟಾರ್ಟ್ ಮಾಡಿ." ಒಟ್ಟು 12 ಸರ್ವರ್ ಇವೆ, ಪೇಮೆಂಟ್ ನಡೆಸೋದು 4 ಅಂತ ಇಟ್ಕೊಳ್ಳಿ. "ರಿಸ್ಟಾರ್ಟ್ ದಿ ಸರ್ವರ್ಸ್ ದಟ್ ರನ್ ಪೇಮೆಂಟ್ಸ್" ಅಂದ್ರೆ ಆ 4 ಮಾತ್ರ. "ರಿಸ್ಟಾರ್ಟ್ ದಿ ಸರ್ವರ್ಸ್, ವಿಚ್ ರನ್ ಪೇಮೆಂಟ್ಸ್" ಅಂತ ಕಾಮಾ ಹಾಕಿದರೆ, ಸರ್ವರ್‌ಗಳನ್ನೆಲ್ಲ ರಿಸ್ಟಾರ್ಟ್ ಮಾಡಿ, ಅಂದ ಹಾಗೆ ಅವು ಪೇಮೆಂಟ್ ನಡೆಸುತ್ತವೆ ಅಂತ. ಕಾಮಾ ಇಲ್ಲದಿದ್ದರೆ ಆ ಕ್ಲಾಝ್ ಆರಿಸಿ ಕೊಡುತ್ತೆ. ಕಾಮಾ ಇದ್ದರೆ ಬರೀ ಹೆಚ್ಚಿನ ಮಾಹಿತಿ. ನಮ್ಮ "ನಡೆಸುವ" ಅನ್ನೋದರ ನಡುವೆ ಕಾಮಾಕ್ಕೆ ಜಾಗವೇ ಇಲ್ಲ, ಅದಕ್ಕೇ ಈ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳೋದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ನಿಮ್ಮ ಮೇಲ್ ಓದಿ ಕೆಲಸ ಮಾಡುವ ಹುಡುಗ ನಿಮ್ಮನ್ನ ಎಬ್ಬಿಸಿ ಕೇಳೋದಿಲ್ಲ. ಬರೆದದ್ದನ್ನ ಮಾಡ್ತಾನೆ.

ಕಾಮಾ ಅಂದ್ರೆ ಅಷ್ಟು ದೊಡ್ಡ ವಿಷಯವಾ ಅಂತ ಅನ್ನಿಸಿದರೆ ಕೆನಡಾದ ಒಂದು ಜಗಳ ಕೇಳಿ. ರೋಜರ್ಸ್ ಮತ್ತು ಅಲಿಯಂಟ್ ಎಂಬ ಎರಡು ಕಂಪನಿಗಳ ನಡುವೆ ಕಂಬಗಳ ಮೇಲೆ ಕೇಬಲ್ ಎಳೆಯುವ ಬಗ್ಗೆ ಒಪ್ಪಂದ ಇತ್ತು. ಐದು ವರ್ಷ ಜಾರಿಯಲ್ಲಿರುತ್ತೆ, ಆಮೇಲೆ ಮತ್ತೆ ಐದೈದು ವರ್ಷ ಮುಂದುವರಿಯುತ್ತೆ, ಒಂದು ವರ್ಷದ ನೋಟಿಸ್ ಕೊಟ್ಟು ರದ್ದು ಮಾಡದಿದ್ದರೆ. ಇದು ಅದರ ಸಾರ. ಪ್ರಶ್ನೆ ಇಷ್ಟೇ: ಆ "ಅನ್‌ಲೆಸ್" ಕ್ಲಾಝ್ ಬರೀ ಎರಡನೇ ಭಾಗಕ್ಕೆ ಅಂಟಿದೆಯೋ, ಮೊದಲ ಐದು ವರ್ಷಕ್ಕೂ ಅಂಟಿದೆಯೋ? "ಅನ್‌ಲೆಸ್" ಮುಂಚೆ ಒಂದು ಕಾಮಾ ಇತ್ತು. ಅದನ್ನ ನೋಡಿ ಅಲ್ಲಿನ ದೂರಸಂಪರ್ಕ ನಿಯಂತ್ರಣ ಆಯೋಗ 2006ರಲ್ಲಿ, ಎರಡಕ್ಕೂ ಅಂಟಿದೆ, ಮೊದಲ ಐದು ವರ್ಷದೊಳಗೂ ರದ್ದು ಮಾಡಬಹುದು ಅಂತ ಹೇಳಿತು. 2007ರಲ್ಲಿ ಅದೇ ಒಪ್ಪಂದದ ಫ್ರೆಂಚ್ ಪಾಠವನ್ನ ನೋಡಿ ಆ ಅರ್ಥವನ್ನ ಬದಲಾಯಿಸಿತು. ದೊಡ್ಡ ಕಂಪನಿಗಳ ವಕೀಲರು ಕೂತು ನೋಡಿದ ವಾಕ್ಯವೇ ಹೀಗಾಗುತ್ತೆ ಅಂದ್ರೆ, ಸಂಜೆ ಆರಕ್ಕೆ ಕ್ಯಾಬ್ ಹಿಡಿಯುವ ಗಡಿಬಿಡಿಯಲ್ಲಿ ನಾವು ಬರೆದ ವಾಕ್ಯವನ್ನ ಇನ್ನೊಂದು ಸಲ ಓದೋದು ಒಳ್ಳೆಯದು.

ಹಾಗಾದ್ರೆ ಮಾಡಬೇಕಾದ್ದು ಏನು? ಮುಖ್ಯವಾದ ಮೇಲ್ ಕಳಿಸುವ ಮುಂಚೆ ಮೂರು ಕೆಲಸ ಮಾಡಿ. ಮೊದಲು, ಪ್ರತಿ ವಾಕ್ಯದಲ್ಲಿ ಕಾಲ ತೋರಿಸುವ ಕ್ರಿಯಾಪದಗಳನ್ನ ಎಣಿಸಿ, ಅದಕ್ಕಿಂತ ಒಂದು ಕಡಿಮೆ ಕೊಂಡಿ ಇದೆಯಾ ನೋಡಿ. ಆಮೇಲೆ, ಒಂದೊಂದು ಕ್ರಿಯಾಪದಕ್ಕೂ "ಯಾರು?" ಅಂತ ಕೇಳಿ, ಉತ್ತರ ವಾಕ್ಯದಲ್ಲೇ ಇರಬೇಕು. "ರಿಸ್ಟಾರ್ಟ್" ಥರದ ಆಜ್ಞೆಯಲ್ಲಿ ಮಾತ್ರ "ಯು" ಅಡಗಿರುತ್ತೆ. ಕೊನೆಗೆ, ಮುಖ್ಯ ವಿಷಯ ಯಜಮಾನ ಕ್ಲಾಝ್‌ನಲ್ಲಿ ಇದೆಯಾ ನೋಡಿ. ಕ್ರಿಯಾಪದ ನಾಲ್ಕು ದಾಟಿದರೆ ವಾಕ್ಯವನ್ನ ಮುರಿದು ಎರಡು ಮಾಡಿ. ಚಿಕ್ಕ ವಾಕ್ಯ ಬರೆದರೆ ಇಂಗ್ಲಿಷ್ ಬರೋದಿಲ್ಲ ಅಂದ್ಕೋತಾರೆ ಅನ್ನೋ ಭಯ ಬೇಡ. ಓದುವವರಿಗೆ ಅದರಿಂದ ಉಪಕಾರವೇ.

ಕನ್ನಡ ಮೀಡಿಯಮ್‌ನಲ್ಲಿ ಓದಿದವರಿಗೆ ಒಂದು ಮಾತು. ಐದು ಕೆಲಸವನ್ನ ಒಂದೇ ಉಸಿರಿನಲ್ಲಿ, ಕೊನೆಯ ಕ್ರಿಯಾಪದದ ತನಕ ಎಲ್ಲೂ ಕಡಿಯದೆ ಹೇಳೋದು ನಿಮಗೆ ಮಗುವಾಗಿದ್ದಾಗಲೇ ಬಂದಿದೆ. ಅದು ಕೊರತೆಯಲ್ಲ, ಒಂದು ವಿದ್ಯೆ. ಇಂಗ್ಲಿಷ್ ಕೇಳೋದು ಬೇರೆ ವಿದ್ಯೆ: ಪ್ರತಿ ಕೆಲಸಕ್ಕೂ ಯಜಮಾನನ ಹೆಸರು ಹೇಳು, ಕೊಂಡಿಯನ್ನ ಹೊರಗೆ ತೋರಿಸು. ಎರಡನ್ನೂ ಅದರದರ ಜಾಗದಲ್ಲಿ ಬಳಸೋಣ.

ಇವತ್ತಿಗೆ ಮನೆಗೆಲಸ: ನೀವು ಹೋದ ವಾರ ಕಳಿಸಿದ ಅತಿ ಉದ್ದದ ಮೇಲ್ ತೆಗೆದು, ಅದರಲ್ಲಿ ಒಂದೇ ಒಂದು ವಾಕ್ಯದ ಕ್ರಿಯಾಪದ ಎಣಿಸಿ. ಮುಂದಿನ ಸಲ "ಇಫ್" ಬಂದಾಗ ಪಕ್ಕದಲ್ಲಿ "ವಿಲ್" ಯಾಕೆ ಸಾಮಾನ್ಯವಾಗಿ ಬರಬಾರದು ಅನ್ನೋದನ್ನ ನೋಡೋಣ. ನಮಸ್ಕಾರ.