ಸಣ್ಣ ಕಾಂಡ್ಲ: ಗುರುತು ಹಿಡಿಯೋಣ, ಉಳಿಸೋಣ

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರ, ಠೇವಣಿಯ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ನಮಗೆ ಕೊಟ್ಟ ಹತ್ತು ನಿಮಿಷದಲ್ಲಿ ನಾವು ಒಂದು ಗಿಡದ ವಿಚಾರ ಹೇಳುತ್ತೇವೆ. ಸಹಕಾರ ಸಂಘದ ಸಭೆಯಲ್ಲಿ ಗಿಡದ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. ಗಜನಿ ಗದ್ದೆ ಇದ್ದವರಿಗೆ ಹಾಗೆ ಅನಿಸಲಿಕ್ಕಿಲ್ಲ. ಕಗ್ಗ ಉಪ್ಪು ತಡೆಯುವ ಭತ್ತವೇ ಹೌದು, ಆದರೆ ಒಡ್ಡೇ ಒಡೆದು ಹೋದರೆ ಅದೂ ನಿಲ್ಲುವುದಿಲ್ಲ. ಬೆಳೆ ಹೋದ ವರ್ಷ ಸಂಘದ ಕಂತೂ ಬರುವುದಿಲ್ಲ. ಆ ಒಡ್ಡಿನ ಹೊರಮೈಯನ್ನು ಕಾಯುವುದು ಕಾಂಡ್ಲ.

ಆದರೆ ಹೊಳೆಯಂಚಿನ ಗಿಡಕ್ಕೆಲ್ಲ ನಾವು ಕಾಂಡ್ಲ ಎಂದೇ ಹೇಳಿಬಿಡುತ್ತೇವೆ. ಇದರಲ್ಲಿ ಜಾತಿಗಳು ಹಲವು. ಕೊಡೆಯ ಕಡ್ಡಿಯ ಹಾಗೆ ಸುತ್ತ ಬೇರು ಊರಿ ನಿಲ್ಲುವುದು ದೊಡ್ಡ ಕಾಂಡ್ಲ, ಶಾಸ್ತ್ರದವರು ಇದಕ್ಕೆ ರೈಜೋಫೊರಾ ಅನ್ನುತ್ತಾರೆ. ನರ್ಸರಿಯಲ್ಲಿ ಬೆಳೆಸಿ ನೆಡುವುದು ಹೆಚ್ಚಾಗಿ ಇದನ್ನೇ. ನಾವು ಇಂದು ಹೇಳಹೊರಟದ್ದು ಕಾಂಡೇಲಿಯ ಕಾಂಡೆಲ್ ಎಂಬ ಇನ್ನೊಂದನ್ನು. ನಾವಿದನ್ನು ಸಣ್ಣ ಕಾಂಡ್ಲ ಎಂದು ಕರೆಯೋಣ. ಈ ಹೆಸರು ನಮ್ಮ ಕಲ್ಪನೆಯಲ್ಲ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಇದು ‘ಚೆರು ಕಂಡಲ್’. ಮಲೆಯಾಳದ ಚೆರು ಅಂದರೆ ಸಣ್ಣದು. 1753ರಲ್ಲಿ ಲಿನ್ನೇಯಸ್ ಪಂಡಿತರು ಆ ಕಂಡಲ್ ಶಬ್ದವನ್ನೇ ಲ್ಯಾಟಿನ್ ಹೆಸರಿಗೆ ತಗೊಂಡರು. ನಮ್ಮ ಕರಾವಳಿಯ ಮಾತು ಹೀಗೆ ಲೋಕವೆಲ್ಲ ತಿರುಗಿದೆ.

ಗುರುತು ಹೇಗೆ? ಮೊದಲು ಬುಡ ನೋಡಿ. ಇದಕ್ಕೆ ಊರುಗಾಲಿನಂಥ ಬೇರಿಲ್ಲ. ಬುಡ ಸ್ವಲ್ಪ ಉಬ್ಬಿದಂತಿರುತ್ತದೆ, ಅಷ್ಟೇ. ಎಲೆ ಉದ್ದ, ತುದಿ ಮೊಂಡು. ದೊಡ್ಡ ಕಾಂಡ್ಲದ ಎಲೆಯ ತುದಿಯಲ್ಲಿ ಸಣ್ಣ ಮುಳ್ಳಿನಂಥ ಮೊನೆ ಇರುತ್ತದೆ, ಬೆರಳಲ್ಲಿ ಮುಟ್ಟಿದರೆ ಗೊತ್ತಾಗುತ್ತದೆ. ಹೂವು ಬಿಳಿ, ಎಸಳೆಲ್ಲ ನೂಲು ನೂಲಾಗಿ ಬಿಡಿಸಿದ ಹಾಗೆ ಕಾಣುತ್ತದೆ. ಬೀಜ ಗಿಡದಲ್ಲಿದ್ದಾಗಲೇ ಮೊಳೆತು ಕೋಲಿನಂತೆ ಕೆಳಗೆ ಇಳಿಯುತ್ತದೆ. ಸಣ್ಣ ಕಾಂಡ್ಲದ ಕೋಲು ಒಂದು, ಒಂದೂವರೆ ಗೇಣು, ನುಣುಪು, ತುದಿ ಚೂಪು. ದೊಡ್ಡದರ ಕೋಲು ದಪ್ಪ, ಮೈಮೇಲೆ ಗಂಟು ಗಂಟು.

ಲೋಕದ ಪಟ್ಟಿಯಲ್ಲಿ ಇದನ್ನು ಅಳಿವಿನಂಚಿನ ಗಿಡ ಎಂದು ಬರೆದಿಲ್ಲ. ಆದರೆ ನಮ್ಮ ಕಡೆ ಇದು ಅಲ್ಲೊಂದು ಇಲ್ಲೊಂದು, ದೊಡ್ಡದರ ಹಾಗೆ ಕಂಡಲ್ಲೆಲ್ಲ ಸಿಗುವುದಿಲ್ಲ. ತೀರಾ ಉಪ್ಪು ಇದಕ್ಕೆ ಆಗಿಬರುವುದಿಲ್ಲ. ಅಳಿವೆಯ ಬಾಯಿಗಿಂತ ಮೇಲೆ, ಸಿಹಿನೀರು ಕೂಡುವ ದಂಡೆ ಬೇಕು. ಅಘನಾಶಿನಿಗೆ ಅಣೆಕಟ್ಟು ಇಲ್ಲ, ಮಳೆಗಾಲದ ಸಿಹಿ, ಬೇಸಿಗೆಯ ಉಪ್ಪು ಎರಡೂ ಅದರ ಪಾಳಿಗೆ ಬರುತ್ತವೆ. ಶರಾವತಿಯಲ್ಲಿ 1964ರ ಲಿಂಗನಮಕ್ಕಿ ಆದಮೇಲೆ ವಿದ್ಯುದಾಗಾರದ ನೀರು ವರ್ಷವಿಡೀ ಇಳಿಯುತ್ತದೆ, ಉಪ್ಪು ತಗ್ಗಿ ಬಳಚೂ ಕಡಿಮೆಯಾಯ್ತು. ಭಟ್ಕಳದ ವೆಂಕಟಾಪುರ ಹೊಳೆ ಗಿಡ್ಡ, ಅಲ್ಲಿಯ ಅಳಿವೆಯೂ ಸಣ್ಣದು. ಹೀಗೆ ಒಂದೊಂದು ಹೊಳೆಯ ಗುಣ ಬೇರೆ. ಒಂದರಲ್ಲಿ ಬದುಕಿದ ಸಸಿ ಇನ್ನೊಂದರಲ್ಲಿ ಬದುಕಿಯೇ ಬದುಕುತ್ತದೆ ಅನ್ನುವ ಹಾಗಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ತಾಣವಾಯ್ತು. ಸಂತೋಷ. ಆದರೆ ದಂಡೆಯ ಮೇಲೆ ದಿನಾ ಓಡಾಡುವವರು ನಾವು ಅಲ್ವೇ?

ಕಾಂಡ್ಲ ಕಡಿಯುವುದಕ್ಕೆ ಕಾಯಿದೆಯ ತಡೆ ಇದೆ. ಆದರೂ ಒಂದು ಒಡ್ಡಿನ ರಿಪೇರಿಯಲ್ಲಿ ಗುತ್ತಿಗೆದಾರರ ಜೆಸಿಬಿ ಹೊರಗಿನ ಸಾಲನ್ನೇ ಬಾಚಿ ಒಡ್ಡಿನ ಮೇಲೆ ಹಾಕಿದ್ದನ್ನು ನಾವು ಕಂಡಿದ್ದೇವೆ. ಮಣ್ಣು ಹಸಿ, ಬೇರಿಲ್ಲ. ಮುಂದಿನ ಮಳೆಗೇ ಅದು ಜರಿಯಿತು. ಇನ್ನು ಮುಂದೆ ನಮ್ಮ ಒಡ್ಡಿನ ಕೆಲಸಕ್ಕೆ ಯಂತ್ರ ಇಳಿಯುವ ಮೊದಲು, ಹೊರಬದಿಯ ಸಾಲನ್ನು ಮುಟ್ಟಬಾರದು ಎಂದು ಬರೆಸಿಕೊಳ್ಳಬೇಕು.

ಕಾಂಡ್ಲ ಬೆಳೆದರೆ ನೀರಿನ ದಾರಿ ಕಟ್ಟುತ್ತದೆ ಅಂತ ಗಜನಿಯ ಹಿರಿಯರು ಹೇಳುತ್ತಾರೆ. ಅದು ಸುಳ್ಳಲ್ಲ. ಒಡ್ಡಿನ ಬಾಗಿಲು, ಕಾಲುವೆಯ ಬಾಯಿಯಲ್ಲಿ ಯಾವ ಗಿಡವನ್ನೂ ನೆಡಬಾರದು. ಹೆಂಗಸರು ಬಳಚು ಆರಿಸುವ ಬಯಲು ಕೆಸರಿನಲ್ಲೂ ಬೇಡ. ಗಿಡ ನೆಟ್ಟು ಅವರ ಕೂಲಿ ಕಳೆಯುವುದು ನಮಗೆ ಒಪ್ಪಿಗೆಯಿಲ್ಲ. ಒಡ್ಡಿನ ಹೊರಗೆ, ಭರತದಲ್ಲಿ ನೀರು ಮುಟ್ಟಿ ಇಳಿತದಲ್ಲಿ ಬಿಡುವ ಜಾಗ ಸಾಕು.

ಕೋಲನ್ನು ಗಿಡದಿಂದ ಎಳೆದು ಕೀಳಬೇಡಿ. ಕೊಂಬೆ ಮೆಲ್ಲಗೆ ಅಲ್ಲಾಡಿಸಿದಾಗ ತಾನಾಗಿ ಉದುರಿದ್ದೇ ಬಲಿತದ್ದು. ಚೂಪು ತುದಿ ಕೆಳಗೆ ಮಾಡಿ, ಮೂರನೇ ಒಂದು ಭಾಗ ಕೆಸರಿಗೆ ಊರಿ. ತಾಯಿಗಿಡದಲ್ಲಿ ಅರ್ಧಕ್ಕಿಂತ ಹೆಚ್ಚು ಬಿಟ್ಟೇ ಬನ್ನಿ, ಹೊಳೆ ತನ್ನ ಪಾಲನ್ನು ತಾನೇ ನೆಡುತ್ತದೆ. ದನ ಮೇಯದ ಹಾಗೆ ಒಂದೆರಡು ವರ್ಷ ನೋಡಿಕೊಂಡರೆ ಬಹಳ ಆಯ್ತು.

ನಮ್ಮ ದಂಡೆಯಲ್ಲಿ ಸಣ್ಣ ಕಾಂಡ್ಲದ ತಾಯಿಗಿಡ ಎಷ್ಟಿವೆ ಅಂತ ಎಣಿಸಿ ಸಂಘದ ಪುಸ್ತಕದಲ್ಲಿ ಬರೆದಿಡಬೇಕು ಎಂಬುದು ನಮ್ಮ ಸೂಚನೆ. ಬರುವ ಅಮಾವಾಸ್ಯೆಯ ಮರುದಿನ ಇಳಿತದ ಹೊತ್ತಿಗೆ ಹೊರಡೋಣ, ಆವತ್ತು ನೀರು ಚೆನ್ನಾಗಿ ಇಳಿಯುತ್ತದೆ. ಬರುವವರು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ಹಳೇ ಪಂಚೆ ಉಟ್ಟು ಬನ್ನಿ, ಮೊಣಕಾಲು ಕೆಸರು ಇದ್ದೇ ಇದೆ.