ಬೇಲಿಯಾಚೆಯ ನೆರೆಯವರು

(ತೋಟ ಕಾರ್ಮಿಕರ ಸಹೋದರ ಕೂಟದಲ್ಲಿ ಮಾಡಿದ ಭಾಷಣ)



ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಬಿದ್ದಿದ್ದ ಮನುಷ್ಯನ ಕತೆಯನ್ನು ನಮ್ಮ ಭಾನುವಾರ ಶಾಲೆಯ ಮಕ್ಕಳೂ ಬಲ್ಲರು. ಯಾಜಕನು ಹೋದನು, ಲೇವಿಯನು ಹೋದನು, ಸಮಾರ್ಯದವನು ನಿಂತನು. ಸಾಮಾನ್ಯವಾಗಿ ಕತೆಯನ್ನು ನಾವು ಅಲ್ಲಿಗೇ ಮುಗಿಸುತ್ತೇವೆ. ಆದರೆ ಲೂಕನು ಬರೆದಿರುವುದನ್ನು ನಿಧಾನವಾಗಿ ಓದಿದರೆ, ಆ ಸಮಾರ್ಯದವನು ಗಾಯ ಕಟ್ಟಿದ್ದಷ್ಟೇ ಅಲ್ಲ, ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿ, ಮರುದಿನ ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ತೀರಿಸುತ್ತೇನೆಂದು ಮಾತು ಕೊಟ್ಟನೆಂದು ಕಾಣುತ್ತದೆ. ಇವತ್ತು ನಾವು ಮಾತಾಡಬೇಕೆಂದಿರುವುದು ಈ ತಿರುಗಿ ಬರುವ ವಿಷಯ.

ನಮ್ಮ ಕಾಸರಗೋಡಿನಲ್ಲಿ ನಡೆದದ್ದನ್ನು ನೋಡಿರಿ. ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ, ಚಿಗುರು ಹೂವುಗಳ ರಸ ಹೀರುವ ಚಹಾ ಸೊಳ್ಳೆಯನ್ನು ಕೊಲ್ಲಲು, 1970ರ ದಶಕದ ಕೊನೆಯಿಂದ 2000ದ ಡಿಸೆಂಬರಿನವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ವರ್ಷಕ್ಕೆ ಎರಡು ಮೂರು ಸಲ. ಬಾವಿಯನ್ನಾದರೆ ಮಡಲು ಹಾಕಿ ಮುಚ್ಚಬಹುದು. ಸುರಂಗದಿಂದ ಹರಿದು ಬರುವ ನೀರನ್ನು, ಗುಡ್ಡದ ಕೆಳಗಿನ ತೋಡನ್ನು ಯಾವುದರಿಂದ ಮುಚ್ಚುವುದು? ಬೇಲಿಯ ಒಳಗೆ ದುಡಿದವರು ನಮ್ಮಂಥ ಕೂಲಿಯವರು, ಬೇಲಿಯಾಚೆ ನೀರು ಕುಡಿದವರು ನಮ್ಮಂಥ ಬಡವರು. ಗಾಳಿಗೆ ಬೇಲಿ ಎಲ್ಲಿ?

ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಸ್ವರ್ಗವೆಂಬ ಊರುಂಟು. (ಹೆಸರಿಟ್ಟವರು ಇಂಥ ದಿನವನ್ನು ಕನಸಿನಲ್ಲಿಯೂ ನೆನೆದಿರಲಾರರು.) ಆ ಸುತ್ತಿನಲ್ಲಿ ಕೈಕಾಲು ಸೊಟ್ಟಗಾದ, ತಲೆ ದೊಡ್ಡದಾದ, ಮಾತು ಬಾರದ ಮಕ್ಕಳು ಮನೆ ಮನೆಯಲ್ಲಿ ಕಾಣಿಸಿಕೊಂಡಾಗ ಜನರು ಇದು ದೈವದ ಕೋಪ, ಹಿರಿಯರು ಮಾಡಿದ ಪಾಪ ಎಂದರು. ಆ ಮಾತನ್ನು ನಾವು ಹಳಿಯುವುದಿಲ್ಲ. ಯೇಸುಸ್ವಾಮಿಯ ಶಿಷ್ಯರೇ ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದರಲ್ಲವೇ? ಇಬ್ಬರೂ ಅಲ್ಲವೆಂದು ಸ್ವಾಮಿಯು ಹೇಳಿದನು. ಆದರೂ ಈ ಶಾಪದ ಮಾತು ಬಾಗಿಲು ಮುಚ್ಚಿಸುತ್ತದೆ. ಅಂಥ ಮನೆಯ ತಾಯಿ ಮಗುವನ್ನು ಒಳಗಿಟ್ಟುಕೊಂಡು ಮದುವೆಗೂ ಹೋಗದೆ ಕೂತುಬಿಡುತ್ತಾಳೆ, ಅಣ್ಣತಮ್ಮಂದಿರಿಗೆ ಸಂಬಂಧ ಕೂಡಿ ಬರುವುದಿಲ್ಲ. ರೋಗಕ್ಕಿಂತ ಇದೇ ಹೆಚ್ಚು ನೋವೆಂದು ನಮಗೆ ತೋರುತ್ತದೆ.

ಅಲ್ಲಿ ನಿಂತು ನೋಡಿದವರು ಕೆಲವರು. ಪಡ್ರೆಯ ಪತ್ರಕರ್ತರಾದ ಶ್ರೀ ಪಡ್ರೆಯವರು ಕರುಗಳು ಕಾಲು ಸೊಟ್ಟಗಾಗಿ ಹುಟ್ಟುವುದನ್ನು ಮೊದಮೊದಲೇ ಗಮನಿಸಿ ಬರೆದರು. ಅಲ್ಲಿಯೇ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರರು, ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ರೋಗಿಗಳೇಕೆ ಎಂದು ಕೇಳುತ್ತ ಬಂದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದರು. ಇವರಾರೂ ದೊಡ್ಡ ಅಧಿಕಾರದವರಲ್ಲ. ಪಕ್ಕದ ಮನೆಯವರ ವಿಷಯ ನಮಗೇಕೆ ಎನ್ನಲಿಲ್ಲ, ಅಷ್ಟೇ.

ಕಾರಣದ ಬಗ್ಗೆ ತಿಳಿದವರು ವಾದಿಸಿದರು, ಇನ್ನೂ ವಾದಿಸುವವರಿದ್ದಾರೆ. ವಾದ ಮುಗಿಯುವ ತನಕ ಮಗುವಿನ ಹಸಿವು ಕಾಯುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಈ ಮದ್ದನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿಯಲ್ಲಿ, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞೆ ಮಾಡಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ನೋಡಿದಾಗ, 3,704 ಮಂದಿಯಲ್ಲಿ ಹಣ ಕೈಸೇರಿದ್ದು 8 ಮಂದಿಗೆ! ಕೋರ್ಟು ಗದರಿಸಿದ ಮೇಲೆ ಕೆಲಸ ಚುರುಕಾಯಿತು. ಆ ಐದು ವರ್ಷ ಅರ್ಜಿ ಹಿಡಿದು ಅಲೆದ ತಾಯಂದಿರ ಬಸ್ಸಿನ ಖರ್ಚನ್ನು ಯಾರೂ ಲೆಕ್ಕ ಹಾಕಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ, ಎಂಬತ್ತು ದಾಟಿದ ದಯಾಬಾಯಿಯವರು ತಿರುವನಂತಪುರದ ಸೆಕ್ರೆಟೇರಿಯಟ್ಟಿನ ಮುಂದೆ ಎರಡು ವಾರಕ್ಕೂ ಮೀರಿ ಉಪವಾಸ ಕೂತರು. ಪಾಲಾದ ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಮಧ್ಯಪ್ರದೇಶದ ಗೊಂಡರ ನಡುವೆ ಬಾಳಿದ ಹೆಂಗಸು. ಕಾಸರಗೋಡು ಅವರ ಊರಲ್ಲ, ಈ ಮಕ್ಕಳು ಅವರ ನಂಟರಲ್ಲ. ಅವರು ಕೇಳಿದ್ದು ನಮ್ಮ ಜಿಲ್ಲೆಗೆ ಒಳ್ಳೆಯ ಆಸ್ಪತ್ರೆ, ಪಂಚಾಯತುಗಳಲ್ಲಿ ಈ ಮಕ್ಕಳನ್ನು ಹಗಲು ನೋಡಿಕೊಳ್ಳುವ ಜಾಗ. ಸಮಾರ್ಯದವನೂ ಪರವೂರಿನವನೇ.

ಹಗಲು ನೋಡಿಕೊಳ್ಳುವ ಜಾಗವನ್ನು ಯಾಕೆ ಕೇಳಿದರೆಂದು ಕೂಲಿ ಮಾಡುವ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮಲಗಿದಲ್ಲೇ ಇರುವ ಮಗುವಿದ್ದರೆ ತಾಯಿ ಕೆಲಸಕ್ಕೆ ಹೋಗುವಂತಿಲ್ಲ; ಹೋಗದಿದ್ದರೆ ಅಂದಿನ ಗಂಜಿಗಿಲ್ಲ. ಆ ಮಗು ಈಗ ಮಗುವಲ್ಲ, ಮೂವತ್ತರ ಮನುಷ್ಯ. ಎತ್ತಿ ಸ್ನಾನ ಮಾಡಿಸುವ ತಾಯಿಗೆ ಅರುವತ್ತು ದಾಟಿದೆ, ಸೊಂಟ ಹಿಡಿದಿದೆ. ತನ್ನ ಕಾಲಾನಂತರ ಇವನನ್ನು ನೋಡುವವರಾರು ಎಂಬುದೊಂದೇ ಅವಳ ಪ್ರಾರ್ಥನೆ. ಅಂಥ ಮನೆಗೆ ಕ್ರಿಸ್‌ಮಸ್ಸಿನಲ್ಲಿ ಕೇಕಿನ ಪೊಟ್ಟಣ ಕೊಟ್ಟು ಫೋಟೋ ತೆಗೆಸಿಕೊಂಡು ಬರುವುದು ಸುಲಭ. ಬುಧವಾರ ಮಧ್ಯಾಹ್ನ ಎರಡು ಗಂಟೆ ಕೂತು, ಅಕ್ಕಾ, ನೀವು ಒಂದಿಷ್ಟು ಮಲಗಿ, ನಾನಿದ್ದೇನೆ ಎನ್ನುವುದು ಕಷ್ಟ, ಏಕೆಂದರೆ ಮುಂದಿನ ಬುಧವಾರವೂ ಹೋಗಬೇಕಾಗುತ್ತದೆ.

ಆದುದರಿಂದ ಈ ಕೂಟದಲ್ಲಿ ಹಣ ಕೂಡಿಸುವ ಮಾತನ್ನು ನಾವೀಗ ಎತ್ತುವುದಿಲ್ಲ. ಪ್ರತಿ ಲೈನಿನಿಂದ ಇಬ್ಬರು ಹೆಂಗಸರು, ಒಬ್ಬ ಗಂಡಸು ಮುಂದೆ ಬರಲಿ. ಎತ್ತಿ ಕೂರಿಸಲು ಗಂಡಸಿನ ಕೈ ಬೇಕು. ಓದುಬರಹ ಬಲ್ಲ ಯುವಕರು ಪೆನ್ಶನ್ ಕಾಗದ, ಆಸ್ಪತ್ರೆಯ ಚೀಟಿ ನೋಡಿಕೊಳ್ಳಲಿ, ಕಚೇರಿಗೆ ಜೊತೆಯಲ್ಲಿ ಹೋಗಲಿ, ಅಲ್ಲಿಯ ಮಲಯಾಳ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಲಿ. ಮನೆಯವರು ಯಾವ ಜಾತಿ, ಯಾವ ಮತ ಎಂದು ಕೇಳುವುದು ಬೇಡ. ಸಭೆಗೆ ಬನ್ನಿರೆಂದು ಕರೆಯುವುದಕ್ಕೂ ಇದು ಸಮಯವಲ್ಲ. ಹೆಸರು ಕೊಡುವವರು ಪ್ರಾರ್ಥನೆಯಾದ ಮೇಲೆ ಹಿಂದಿನ ಬೆಂಚಿನ ಹತ್ತಿರ ನಿಲ್ಲಿರಿ. ವಾರದ ಯಾವ ದಿನ ಬಿಡುವೆಂಬುದನ್ನೂ ಹೇಳಿರಿ.